ದೊಡ್ಡ ದೇಶದ ಸಣ್ಣ ತಂಡ

ನಾಲ್ಕು ವರ್ಷಕ್ಕೊಮ್ಮೆ ಫುಟ್ಬಾಲ್ ವಿಶ್ವಕಪ್ ಬರುತ್ತದೆ. ಅದರ ಬೆನ್ನಿಗೇ ನಮ್ಮ ಪಂಡಿತರ ಪ್ರಶ್ನೆಯೂ ಬರುತ್ತದೆ. ನೂರನಲವತ್ತು ಕೋಟಿ ಜನರಿರುವ ದೇಶಕ್ಕೆ ಆಡಲು ಹನ್ನೊಂದು ಮಂದಿ ಸಿಗುವುದಿಲ್ಲವೇ? ಕೇಳಿದವರೇ ಉತ್ತರವನ್ನೂ ಕೊಡುತ್ತಾರೆ. ನಮ್ಮ ಜನರ ಮೈಕಟ್ಟು ಸಾಲದಂತೆ. ಕಾಲಲ್ಲಿ ಕಸುವಿಲ್ಲವಂತೆ. ತಿನ್ನುವ ಅನ್ನ ಸರಿಯಿಲ್ಲವಂತೆ. ನಮ್ಮ ರಕ್ತದಲ್ಲೇ ಈ ಆಟ ಇಲ್ಲವಂತೆ.

ಯಾರ ಕಾಲಿನ ಮಾತು ಆಡಾಕ ಹತ್ತೀರಿ ಸ್ವಾಮಿ? ದೇವದುರ್ಗದ ಎರೆಹೊಲದಾಗ ಬೆಳಗಿನಿಂದ ಸಂಜೆತನಕ ಬಗ್ಗಿ ಹತ್ತಿ ಬಿಡಿಸುವ ಹೆಣ್ಣುಮಗಳ ಕಾಲಲ್ಲಿ ಕಸುವಿಲ್ಲವೇ? ಮಾನ್ವಿಯ ಗದ್ದೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತು ಭತ್ತ ನಾಟಿ ಹಚ್ಚುವವಳ ಕಾಲಲ್ಲಿ ಇಲ್ಲವೇ? ರಾಯಚೂರಿನ ಗಂಜಿನಲ್ಲಿ ಬೆನ್ನ ಮೇಲೆ ಚೀಲ ಹೇರಿಕೊಂಡು ಲಾರಿ ಹತ್ತುವ ಹಮಾಲನ ಕಾಲಲ್ಲಿ ಇಲ್ಲವೇ? ಗುಳೆ ಹೋಗಿ ಬೆಂಗಳೂರಿನ ಐದನೇ ಅಂತಸ್ತಿಗೆ ಇಟ್ಟಿಗೆ ಹೊರುವ ನಮ್ಮ ಅಣ್ಣ ತಮ್ಮಂದಿರ ಕಾಲಲ್ಲಿ ಇಲ್ಲವೇ? ಈ ದೇಶವನ್ನು ಹೊತ್ತು ನಿಂತದ್ದೇ ಈ ಕಾಲುಗಳು. ಪಂಡಿತರು ನೋಡಿದ್ದು ತಮ್ಮ ಕಾಲನ್ನು ಮಾತ್ರ.

ಅನ್ನದ ಮಾತಂತೂ ಇನ್ನೂ ಚೆಂದ. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿದಂತೆ ಹಿಂದುಳಿದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಬೇಡವೆಂದು ಎದ್ದು ನಿಂತವರು ಯಾರು? ಕೆಲವು ಮಠಾಧೀಶರು. ತಟ್ಟೆಯಿಂದ ಮೊಟ್ಟೆ ಕಸಿಯುವವರೂ ಇವರೇ, ಮೈಯಲ್ಲಿ ಕಸುವಿಲ್ಲ ಎಂದು ಹಂಗಿಸುವವರೂ ಇವರ ಪೈಕಿಯವರೇ.

ಈಗ ಅಂಕಿ ನೋಡಿ. ಭಾರತದ ಗಂಡಸರ ತಂಡ ಜಗತ್ತಿನ ಪಟ್ಟಿಯಲ್ಲಿ ಹತ್ತಿದ ಅತಿ ಎತ್ತರದ ಮೆಟ್ಟಿಲು 94. ಅದು 1996ರ ಫೆಬ್ರವರಿ. 2015ರ ಮಾರ್ಚಿನಲ್ಲಿ ಅದೇ ತಂಡ 173ಕ್ಕೆ ಇಳಿಯಿತು. 1950ರಲ್ಲಿ ಬ್ರೆಜಿಲ್ ವಿಶ್ವಕಪ್ಪಿಗೆ ಹೋಗುವ ಅವಕಾಶ ಬಂದಿತ್ತು, ಹೋಗಲಿಲ್ಲ. ಆಮೇಲೆ ಆ ಬಾಗಿಲು ತೆರೆದದ್ದಿಲ್ಲ. ಅತ್ತ ಕೆರಿಬಿಯನ್ ಸಮುದ್ರದಲ್ಲಿ ಕುರಸಾವ್ ಎಂಬ ದ್ವೀಪವಿದೆ. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. 2025ರ ನವೆಂಬರಿನಲ್ಲಿ ಅದು ವಿಶ್ವಕಪ್ಪಿಗೆ ಅರ್ಹತೆ ಗಳಿಸಿತು. 2011ರ ಜನಗಣತಿಯ ಹೊತ್ತಿಗೇ ನಮ್ಮ ರಾಯಚೂರು ಶಹರವೊಂದರಲ್ಲೇ 2.3 ಲಕ್ಷ ಜನರಿದ್ದರು. 2018ರ ವಿಶ್ವಕಪ್ಪಿನಲ್ಲಿ ಆಡಿದ ಐಸ್‌ಲ್ಯಾಂಡಿನ ಜನ ಮೂರೂವರೆ ಲಕ್ಷ. ನಮ್ಮ ಜಿಲ್ಲೆಯ ಜನ 2011ರಲ್ಲೇ 19 ಲಕ್ಷ ದಾಟಿತ್ತು.

ಕುರಸಾವ್‌ನ ಹುಡುಗರು ಬಹುಪಾಲು ಹಾಲೆಂಡಿನಲ್ಲಿ ಹುಟ್ಟಿ ಅಲ್ಲಿನ ಕ್ಲಬ್ಬುಗಳಲ್ಲಿ ಕಲಿತವರಲ್ಲವೇ ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜ. ನನ್ನ ವಾದವೂ ಅದೇ. ಐಸ್‌ಲ್ಯಾಂಡಿನಲ್ಲಿ ಹಿಮ ಬೀಳುತ್ತದೆಂದು ಛಾವಣಿ ಹಾಕಿ ಬಯಲು ಕಟ್ಟಿದರು, ಊರೂರಿಗೆ ತರಬೇತಿ ಪಡೆದ ಗುರುಗಳನ್ನು ಕೊಟ್ಟರು. ಕಲಿಸುವ ಜಾಗ, ಕಲಿಸುವ ಮನುಷ್ಯ, ಹೊಟ್ಟೆಗೆ ಕೂಳು ಇದ್ದರೆ ಆಟಗಾರ ಹುಟ್ಟುತ್ತಾನೆ. ಇಲ್ಲದಿದ್ದರೆ ನೂರನಲವತ್ತು ಕೋಟಿಯಲ್ಲೂ ಹುಟ್ಟುವುದಿಲ್ಲ. ಹುಟ್ಟಿದರೂ ಹತ್ತಿ ಹೊಲದಾಗ ಹುಟ್ಟಿ ಹತ್ತಿ ಹೊಲದಾಗೇ ಸಾಯುತ್ತಾನೆ.

*

ಒಬ್ಬ ಆಟಗಾರನ ಬಾಳನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. 1971ರ ಏಪ್ರಿಲ್‌ನಲ್ಲಿ ಹುಟ್ಟಿದವರು. ಓಣಿ ಓಣಿಯಲ್ಲೂ ಚೆಂಡು ಉರುಳುವ ಆಸ್ಟಿನ್ ಟೌನ್ ಕಡೆಯ ಹುಡುಗ. ಮೊದಲು ಕೇಂದ್ರ ಸರ್ಕಾರದ ಕ್ರೀಡಾ ಪ್ರಾಧಿಕಾರದ ತರಬೇತಿ ಸಿಕ್ಕಿತು. 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿದರು. ಅಲ್ಲಿ ಊಟ, ವಸತಿ, ಓದು, ಆಟ ಎಲ್ಲ ಅಕಾಡೆಮಿಯದೇ. ಮೂರೇ ವರ್ಷದಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಕರೆಯಿತು. ಆ ವರ್ಷವೇ, 1993ರಲ್ಲಿ, ಏಷ್ಯಾದ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಬಡಿದಾಗ ಮೂರು ಗೋಲು ಈ ಬೆಂಗಳೂರು ಹುಡುಗನವು.

1995ರಲ್ಲಿ ಪಂಜಾಬಿನ ಜೆಸಿಟಿ ಮಿಲ್ಲಿನ ತಂಡ. ಅಲ್ಲಿ ಜೊತೆಗಿದ್ದವರು ಐ.ಎಂ. ವಿಜಯನ್. ತ್ರಿಶೂರಿನ ಮೈದಾನದಲ್ಲಿ ಸೋಡಾ ಮಾರಿ ಬೆಳೆದ, ಕೇರಳ ಪೊಲೀಸ್ ತಂಡ ಕರೆದು ಅನ್ನ ಕೊಟ್ಟ ಮೇಲೆ ದೇಶಕ್ಕೆ ಗೊತ್ತಾದ ಆಟಗಾರ. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಜೆಸಿಟಿ ಗೆದ್ದಿತು. ಆಮೇಲೆ ಚಾಪ್‌ಮನ್ ಕೊಚ್ಚಿಗೆ ಹೋದರು, ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದರು. 2001ರಲ್ಲಿ ಆ ತಂಡಕ್ಕೂ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟರು. 1995ರಿಂದ 2001ರವರೆಗೆ ಭಾರತಕ್ಕೆ ಆಡಿದರು, ನಾಯಕರೂ ಆದರು. ನಾನು ಮೇಲೆ ಹೇಳಿದ ಆ 94ನೇ ಮೆಟ್ಟಿಲು ಭಾರತ ಹತ್ತಿದ್ದು ಇವರು ಆಡುತ್ತಿದ್ದ ದಿನಗಳಲ್ಲೇ.

2001ರಲ್ಲಿ ಆಟ ಮುಗಿಯಿತು. ವಯಸ್ಸು ಮೂವತ್ತು. ಊರಲ್ಲಿ ಮೂವತ್ತಕ್ಕೆ ಮನುಷ್ಯನ ಬದುಕು ಶುರುವಾಗುತ್ತದೆ. ಆಟಗಾರನದು ಅಲ್ಲಿಗೆ ಮುಗಿದ ಲೆಕ್ಕ. ಆಮೇಲೆ ಕಲಿಸುವ ಕೆಲಸ. ಜಮ್ಶೆಡ್‌ಪುರ, ಶಿಲ್ಲಾಂಗ್, ಕಲ್ಕತ್ತ, ಕೋಳಿಕ್ಕೋಡ್ ಹೀಗೆ ಊರಿಂದೂರಿಗೆ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ವಯಸ್ಸು 49. ಮರುದಿನ ಪತ್ರಿಕೆಗಳು 'ಭಾರತದ ಮಾಜಿ ನಾಯಕ' ಎಂದು ಬರೆದವು. ಬದುಕಿದ್ದಾಗ ಅರ್ಜುನ ಪ್ರಶಸ್ತಿ ಕೂಡ ಬಂದಿರಲಿಲ್ಲ.

ಪ್ರಶಸ್ತಿಯ ಹೆಸರು ಬಂತು, ಅದರ ಮೇಲೂ ಒಂದು ಮಾತು. ಈ ದೇಶ ಆಟಗಾರನಿಗೆ ಕೊಡುವ ಪ್ರಶಸ್ತಿ ಅರ್ಜುನನ ಹೆಸರಿನದು. ಗುರುವಿಗೆ ಕೊಡುವುದು ದ್ರೋಣಾಚಾರ್ಯರ ಹೆಸರಿನದು. ಕಾಡಿನ ಹುಡುಗನ ಹೆಬ್ಬೆರಳು ಕತ್ತರಿಸಿಕೊಂಡ ಮನುಷ್ಯ ನಮ್ಮ ಗುರುಗಳಿಗೆಲ್ಲ ಆದರ್ಶ! ನಮ್ಮ ರಾಜ್ಯ ಏಕಲವ್ಯನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ, ಅಷ್ಟು ನಾಚಿಕೆ ಉಳಿದಿದೆ. ಫುಟ್ಬಾಲ್ ಆಡೋದಕ್ಕೆ ಹೆಬ್ಬೆರಳು ಬೇಕಿಲ್ಲ. ಅದಕ್ಕೇ ಈ ಕಾಲದ ದ್ರೋಣರು ಬೆರಳು ಬಿಟ್ಟು ಬಯಲನ್ನೇ ಕತ್ತರಿಸಿಕೊಂಡಿದ್ದಾರೆ.

*

ಚಾಪ್‌ಮನ್ ಬಾಳಿನಲ್ಲಿ ಎಣಿಸಿಕೊಳ್ಳಬೇಕಾದ್ದು ಗೋಲುಗಳನ್ನಲ್ಲ, ಮೆಟ್ಟಿಲುಗಳನ್ನು. ಓಣಿಯಲ್ಲಿ ಬಯಲಿತ್ತು. ಬಯಲಿನಿಂದ ಆಚೆ ಸರ್ಕಾರದ ತರಬೇತಿ ಇತ್ತು. ಅದರಾಚೆ ಅನ್ನ ಹಾಕುವ ಅಕಾಡೆಮಿ ಇತ್ತು. ಅದರಾಚೆ ಸಂಬಳ ಕೊಡುವ ತಂಡ ಇತ್ತು. ಒಂದು ಮೆಟ್ಟಿಲು ಮುರಿದಿದ್ದರೂ ಅವರ ಹೆಸರು ನಮಗೆ ಗೊತ್ತಾಗುತ್ತಿರಲಿಲ್ಲ.

ಬೆಂಗಳೂರಿನ ದಂಡು ಪ್ರದೇಶದ ಬಡ ಓಣಿಗಳಿಂದ ಇಷ್ಟೊಂದು ಆಟಗಾರರು ಬಂದದ್ದು ಹ್ಯಾಗೆ? ಅಲ್ಲಿನ ತಾಯಂದಿರು ಬೇರೆ ನೀರು ಕುಡಿದರೇನು? ಬ್ರಿಟಿಷರ ಸೈನ್ಯ ಬಿಟ್ಟುಹೋದ ಮೈದಾನಗಳಿದ್ದವು. ಸಿಪಾಯಿಗಳು ಆಡುವುದನ್ನು ಬೇಲಿ ಆಚೆ ನಿಂತು ನೋಡಿ ಕಲಿತ ಹಿರಿಯರಿದ್ದರು. ಆಮೇಲೆ ಕಾರ್ಖಾನೆಗಳು ಬಂದವು. 1940ರಲ್ಲಿ ಹೆಚ್ಎಎಲ್, 1948ರಲ್ಲಿ ಐಟಿಐ. ಇವು ತಮ್ಮದೇ ಫುಟ್ಬಾಲ್ ತಂಡ ಕಟ್ಟಿದವು. ಚೆನ್ನಾಗಿ ಆಡಿದವನಿಗೆ ಕಾರ್ಖಾನೆಯಲ್ಲಿ ನೌಕರಿ. ಗುಡಿಸಲಿನ ಹುಡುಗನಿಗೆ ತಿಂಗಳ ಸಂಬಳ, ಕ್ವಾರ್ಟರ್ಸು, ಪಿಂಚಣಿ. ಮಗ ಬಯಲಿಗೆ ಹೋದರೆ ತಾಯಿ ಬೈಯುತ್ತಿರಲಿಲ್ಲ, ಬಯಲಿನ ಆಚೆ ತುದಿಯಲ್ಲಿ ನೌಕರಿ ಕಾಣುತ್ತಿತ್ತು.

ಹಲಸೂರಿನ ಹತ್ತಿರ ಗೌತಮಪುರ ಅಂತ ಒಂದು ಓಣಿ ಇದೆ. ಬಹುಪಾಲು ನಮ್ಮ ಜನರೇ ಇರುವ ಜಾಗ, ಮನೆಮಾತು ತಮಿಳು. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಸಾಲಿನಲ್ಲಿ ಇನ್ನೊಂದು ಪ್ರತಿಮೆ ನಿಂತಿದೆ. ಬ್ರೆಜಿಲಿನ ಕರಿಯ ಆಟಗಾರ ಪೆಲೆಯದು. ಯಾವ ಸಮಿತಿಯೂ ಹೇಳಿಕೊಡದೆ ಆ ಓಣಿಯ ಮಂದಿಗೆ ಅರ್ಥವಾದ ಸತ್ಯ ಇದು. ಬಿಡುಗಡೆಗೆ ಓದು ಬೇಕು, ಕರುಣೆ ಬೇಕು, ಚೆಂಡೂ ಬೇಕು.

ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮತ್ತೆ ಕರ್ನಾಟಕ ಗೆದ್ದದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ 54 ವರ್ಷ. ಈ 54 ವರ್ಷದಲ್ಲಿ ಏನಾಯಿತು? 1991ರ ಮೇಲೆ ಸಾರ್ವಜನಿಕ ಕಾರ್ಖಾನೆಗಳ ನೌಕರಿಯ ಬಾಗಿಲು ಒಂದೊಂದಾಗಿ ಮುಚ್ಚಿತು. ನೌಕರಿ ಇಲ್ಲದ ಮೇಲೆ ತಂಡ ಎಲ್ಲಿಯದು? ಜೆಸಿಟಿ ಮಿಲ್ಲಿನವರು 2011ರಲ್ಲಿ ತಮ್ಮ ತಂಡವನ್ನೇ ಮುಚ್ಚಿದರು. ಚಾಪ್‌ಮನ್ ಆಡಿದ ಕೊಚ್ಚಿಯ ತಂಡ ಅದಕ್ಕೂ ಮೊದಲೇ ಮಣ್ಣಾಗಿತ್ತು. ಖಾಸಗಿಯವರ ಹೊಸ ಲೀಗು 2014ರಲ್ಲಿ ಬಂತು. ದೀಪ, ಟಿವಿ, ಸಿನಿಮಾ ನಟರು. 2025ರಲ್ಲಿ ಲೀಗಿನ ಒಡಂಬಡಿಕೆಯ ಗೊಂದಲ ಎದ್ದಾಗ ಏನಾಯಿತು? ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. ಭಾರತದ ಅತಿ ಹೆಸರಾಂತ ಗೋಲುಗಾರ ಸುನಿಲ್ ಛೆಟ್ರಿ ಆಡುವ ತಂಡದ ಕತೆ ಇದು! ಸಾವ್ಕಾರನ ಮರ್ಜಿಯ ಮೇಲೆ ನಿಂತ ಆಟಕ್ಕೂ ಸಾವ್ಕಾರನ ಮರ್ಜಿಯ ಮೇಲೆ ನಿಂತ ಜೀತಕ್ಕೂ ವ್ಯತ್ಯಾಸ ಏನು, ನೀವೇ ಹೇಳ್ರಿ.

*

ಇನ್ನೊಂದು ಮಾತು ನನ್ನ ಮೈ ಉರಿಸುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲಿ ಫ್ರಾನ್ಸಿನ ಎದುರು ಆಡಿ 2-1ರಿಂದ ಸೋತರು. ನಮ್ಮ ಕಡೆಯ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ಗೋಲು ಕೊಟ್ಟ ಆ ಮನುಷ್ಯನ ಹೆಸರು ಎಷ್ಟು ಕನ್ನಡ ಮಕ್ಕಳಿಗೆ ಗೊತ್ತು? ಅದು ಗೊತ್ತಿಲ್ಲ. ಬರಿಗಾಲಿನ ಕತೆ ಮಾತ್ರ ಎಲ್ಲರಿಗೂ ಗೊತ್ತು. ಆಹಾ ಬರಿಗಾಲು, ಆಹಾ ನಮ್ಮ ಸರಳತೆ ಎಂದು ಬರೆದದ್ದೇ ಬರೆದದ್ದು.

ಬರಿಗಾಲಿನ ಚೆಲುವು ಬೂಟು ಹಾಕಿಕೊಂಡವರಿಗೆ ಮಾತ್ರ ಕಾಣುತ್ತದೆ. ನಮ್ಮ ಅಜ್ಜಂದಿರು ಬರಿಗಾಲಲ್ಲಿ ನಡೆದರು. ಯಾಕೆ? ಊರೊಳಗ ಕಾಲಿಟ್ಟರ ಮೆಟ್ಟು ಕಳಚಿ ಕೈಯಾಗ ಹಿಡೀಬೇಕಿತ್ತು. ಗೌಡರ ಮನಿ ಮುಂದ ಮೆಟ್ಟು ಹಾಕ್ಕೊಂಡು ಹ್ವಾದರ ಬೆನ್ನ ಮ್ಯಾಲ ಬಾರುಕೋಲು ಬೀಳ್ತಿತ್ತು. ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟ ಕೈಗಳವು, ಕಾಲು ಮಾತ್ರ ಬರಿದು. ಅದು ಸರಳತೆ ಅಲ್ಲ ಸ್ವಾಮಿ, ಶಿಕ್ಷೆ. ಇವತ್ತಿಗೂ ಅದೇ ಶಿಕ್ಷೆ ಬೇರೆ ವೇಷದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನು. ಓದುವಾಗ ಒಂದು ತಂಡದ ಆಯ್ಕೆಗೆ ಹೋದೆ. "ಬೂಟಿಲ್ಲದವರು ಪಕ್ಕಕ್ಕ ನಿಲ್ರಿ" ಅಂದರು. ನಿಂತವರು ಏಳು ಮಂದಿ. ಏಳೂ ಮಂದಿ ಕೇರಿಯವರು. ಯಾರೂ ನಮ್ಮ ಜಾತಿ ಕೇಳಲಿಲ್ಲ, ಬೂಟು ಕೇಳಿದರು. ಸೋಸುವ ಜರಡಿ ಬದಲಾಗಿದೆ, ಸೋಸಿ ಹೊರಗೆ ಬೀಳುವವರು ಬದಲಾಗಿಲ್ಲ.

ಬೂಟಿನ ಕತೆ ಹೇಳುವುದಾದರೆ ತುಳಸೀದಾಸ್ ಬಲರಾಮ್ ಅವರದು ಹೇಳಿ. ಸಿಕಂದರಾಬಾದಿನ ಅಮ್ಮುಗುಡದ ಬಡ ಹುಡುಗ. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಆ ಲೆಕ್ಕಕ್ಕೆ ನಮ್ಮ ರಾಜ್ಯದವನೇ. ಅವರ ಮೊದಲ ಬೂಟು ಪೊಲೀಸರ ಹಳೇ ಬೂಟಿನಿಂದ ಚಮ್ಮಾರನೊಬ್ಬ ಹೊಲಿದುಕೊಟ್ಟದ್ದು. ದಿನಾ ಅಷ್ಟು ದೂರದಿಂದ ಅಭ್ಯಾಸಕ್ಕೆ ಬರಲಿಕ್ಕೆ ಆಗುವುದಿಲ್ಲ ಎಂದಾಗ ಸೈಕಲ್ಲಿಗೆ ದುಡ್ಡು ಕೊಟ್ಟು ಕರೆಸಿಕೊಂಡವರು ಸೈಯದ್ ಅಬ್ದುಲ್ ರಹೀಮ್. ಈ ರಹೀಮ್ ಸಾಹೇಬರು ಮೂಲತಃ ಶಾಲೆಯ ಮೇಷ್ಟ್ರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ತಿಂಗಳು ಮೆಲ್ಬರ್ನ್‌ನಲ್ಲಿ ಒಲಿಂಪಿಕ್ಸ್ ಶುರುವಾಯಿತು. ಈ ಮೇಷ್ಟ್ರು ಕಟ್ಟಿದ ತಂಡ, ಬಲರಾಮರಂಥ ಹುಡುಗರ ತಂಡ, ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಹಳೇ ಬೂಟು, ಒಂದು ಸೈಕಲ್ಲು, ಒಬ್ಬ ಮೇಷ್ಟ್ರು. ರಕ್ತದಲ್ಲಿ ಆಟ ಇಲ್ಲ ಎನ್ನುವವರಿಗೆ ಇಷ್ಟು ಸಾಕ್ಷಿ ಸಾಲದೇ?

ಆದರೆ ಬಯಲು ಸಿಕ್ಕರೆ ಜಾತಿ ಸಾಯುತ್ತದೆ ಎಂದು ಯಾರೂ ಭ್ರಮೆ ಪಡಬೇಕಿಲ್ಲ. ಪಾಲವಂಕರ್ ಬಾಲೂ 1876ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಕ್ರಿಕೆಟ್ಟಿನ ಬೌಲರ್. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಅವರು ಮುಟ್ಟಿದ ಚೆಂಡನ್ನು ಮೇಲ್ಜಾತಿಯವರು ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಮಾತ್ರ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಹೋರಾಡಿ ಹೋರಾಡಿ ಕಡೆಗೆ 1923ರಲ್ಲಿ ಸಿಕ್ಕಿದ್ದು ಅವರ ತಮ್ಮ ವಿಠ್ಠಲನಿಗೆ. ಗೆಲ್ಲಲಿಕ್ಕೆ ನಮ್ಮ ಕೈ ಬೇಕು, ಚಹಾ ಕುಡಿಯಲಿಕ್ಕೆ ನಮ್ಮ ಬಾಯಿ ಬ್ಯಾಡ. ಆದ್ದರಿಂದ ನಾವು ಕೇಳಬೇಕಾದ್ದು ಬಯಲನ್ನೂ ಹೌದು, ಆ ಲೋಟವನ್ನೂ ಹೌದು.

*

ಈಗ ನಮ್ಮ ಸಂಗಾತಿಗಳಿಂದಲೇ ಬರುವ ಒಂದು ಪ್ರಶ್ನೆ. "ಏ ತಮ್ಮ, ಉಣ್ಣಾಕ ರೊಟ್ಟಿ ಇಲ್ಲ, ದುಡಿಯಾಕ ಭೂಮಿ ಇಲ್ಲ. ನಿನಗ ಚೆಂಡಿನ ಚಿಂತಿ ಹತ್ತೇತಲ್ಲ?" ಹಿರಿಯರ ಈ ಮಾತಿಗೆ ಕೈಮುಗಿದೇ ಉತ್ತರ ಕೊಡುತ್ತೇನೆ.

ಅಣ್ಣಾ, ಜಮೀನ್ದಾರ ನಮ್ಮಿಂದ ಮೊದಲು ಕಸಿದದ್ದು ಭೂಮಿ ಅಂತೀವಿ. ಅದರ ಜೊತೆಗೇ ಕಸಿದದ್ದು ಹೊತ್ತು. ನಮ್ಮ ಮಕ್ಕಳಿಗೆ ಸಂಜೆ ಎಂಬುದೇ ಇರಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಬೆಂಚು ಖಾಲಿ. ಗುಳೆ ಹೋಗುವ ಕಾಲಕ್ಕೆ ಮತ್ತೆ ಖಾಲಿ. ದೊಡ್ಡವರು ಹೊಲದಲ್ಲಿರುವಾಗ ಕೂಸು ನೋಡಿಕೊಳ್ಳುವವಳು ಏಳು ವರ್ಷದ ಅಕ್ಕ. ಆಡುವ ಹೊತ್ತು ಉಳ್ಳವರ ಮಕ್ಕಳ ಆಸ್ತಿ. ಚೆಂಡು ಕೇಳುವುದೆಂದರೆ ಆ ಹೊತ್ತನ್ನು ವಾಪಸು ಕೇಳುವುದು. ಬಯಲು ಕೇಳುವುದೆಂದರೆ ಭೂಮಿ ಕೇಳುವುದೇ. ಎರಡೂ ಒಂದೇ ಹೋರಾಟ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದಾಗಲೂ ನೀರು ಒಂದೇ ಅವರ ಗುರಿಯಾಗಿರಲಿಲ್ಲ. ಊರಿಗೆ ಸೇರಿದ್ದೆಲ್ಲ ನಮಗೂ ಸೇರಿದ್ದು ಎಂದು ಸಾರುವುದಿತ್ತು. ಊರ ಬಯಲೂ ಊರಿಗೆ ಸೇರಿದ್ದೇ ಅಲ್ಲವೇ?

ನಮ್ಮ ತಾಲೂಕಿನ ಹಳ್ಳಿಗಳನ್ನು ಸುತ್ತಿ ನೋಡಿ. ಶಾಲೆಯ ಹಿಂದಿನ ಬಯಲು ಒಂದು ಕಡೆ ತಿಪ್ಪೆಯಾಗಿದೆ, ಇನ್ನೊಂದು ಕಡೆ ಯಾರದೋ ಮೆಣಸಿನಕಾಯಿ ಒಣಗುವ ಕಣವಾಗಿದೆ, ಮತ್ತೊಂದು ಕಡೆ ಬೇಲಿ ನಿಧಾನಕ್ಕೆ ಒಳಗೆ ಸರಿಯುತ್ತ ಸರಿಯುತ್ತ ಗೌಡರ ಹೊಲವೇ ಆಗಿದೆ. ನಮ್ಮ ಹುಡುಗರು ಆಡುವ ಚೆಂಡು ಹತ್ತಿ ಚಿಂದಿಗೆ ಸೈಕಲ್ ಟ್ಯೂಬ್ ಸುತ್ತಿದ್ದು. ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಮೈನೆರೆದರೆ ಬಯಲು ಬಂದ್. ಆದರೆ ಕೇಳಿ. 2025ರಲ್ಲಿ ಭಾರತದ ಹೆಣ್ಣುಮಕ್ಕಳ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದದ್ದು. ಆ ವರ್ಷ ಜಗತ್ತಿನ ಪಟ್ಟಿಯಲ್ಲಿ ಹೆಣ್ಣುಮಕ್ಕಳ ತಂಡ ಗಂಡಸರ ತಂಡಕ್ಕಿಂತ ಎಷ್ಟೋ ಮೇಲಿತ್ತು. ಸಿಗುವುದು ಕಡಿಮೆ, ಕೊಡುವುದು ಹೆಚ್ಚು. ನಮ್ಮ ಅವ್ವಂದಿರ ಬಾಳೂ ಹೀಗೇ ಅಲ್ಲವೇ?

ಹಳ್ಳಿಯ ಮೇಷ್ಟ್ರುಗಳೇ, ಈ ಮಾತು ನಿಮಗೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಪ್ರತಿ ಶಾಲೆಗೂ ಆಟದ ಬಯಲು ಇರಬೇಕು ಎನ್ನುತ್ತದೆ. ಅದು ದಾನ ಅಲ್ಲ, ಕಾನೂನು. ನಿಮ್ಮ ಶಾಲೆಯ ಜಾಗದ ಸರ್ವೆ ನಂಬರ್ ತೆಗೆಸಿ. ಅಳತೆ ಮಾಡಿಸಿ. ಒತ್ತುವರಿ ಎಷ್ಟು, ಯಾರದು ಎಂದು ಬರೆದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ನೀವು ಓದಲಾರಿರಿ ಎಂದರೆ ನಮ್ಮ ಹುಡುಗರ ಕೈಗೆ ಕೊಡಿ, ಅವರು ಓದುತ್ತಾರೆ.

ವಿದ್ಯಾರ್ಥಿ ಗೆಳೆಯರೇ, 371 (ಜೆ) ಕಲಮು ಬಂದು ಹತ್ತು ವರ್ಷದ ಮೇಲಾಯಿತು. ಹೈದರಾಬಾದ್ ಕರ್ನಾಟಕ ಎಂಬ ಹೆಸರು ಅಳಿಸಿ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬರೆದರು. ಹೆಸರಿಗೆ ಕಲ್ಯಾಣವಾಯಿತು. ಅಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ದೇವದುರ್ಗಕ್ಕೆ ಎಷ್ಟು ಬಯಲು ಬಂತು, ಮಾನ್ವಿಗೆ ಎಷ್ಟು ದೈಹಿಕ ಶಿಕ್ಷಕರು ಬಂದರು, ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ಕೇಳಿ. ಬಂದ ಉತ್ತರವನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿ. ಕೇರಿಯ ಹುಡುಗರಿಗೆ ಬೂಟು ಕೊಡಿಸಲು ಸಮಾಜ ಕಲ್ಯಾಣ ಇಲಾಖೆಯ ಮೆಟ್ಟಿಲು ಹತ್ತಿ. ಆಟದ ಕೋಟಾದ ನೌಕರಿ ಪೊಲೀಸಿನಲ್ಲಿ, ರೈಲ್ವೆಯಲ್ಲಿ, ಸಾರಿಗೆಯಲ್ಲಿ ಎಷ್ಟು ತುಂಬಿದೆ, ಎಷ್ಟು ಖಾಲಿ ಇದೆ ಎಂಬ ಲೆಕ್ಕ ಕೇಳಿ. ನೌಕರಿ ಇಲ್ಲದ ಆಟ ಉಳ್ಳವರ ಮೋಜು. ನೌಕರಿ ಇದ್ದರೆ ಮಾತ್ರ ಅದು ನಮ್ಮ ದಾರಿ.

ಈ ದೇಶಕ್ಕೆ ಹನ್ನೊಂದು ಜನ ಸಿಗಲಿಲ್ಲ ಎಂದು ಗೋಳಾಡುವವರು ಇನ್ನು ಮೇಲೆ ಟಿವಿ ಮುಂದೆ ಕೂತು ಗೋಳಾಡುವುದು ಬೇಡ. ಮಾನ್ವಿ ಬಸ್‌ಸ್ಟ್ಯಾಂಡಿಗೆ ಬರಲಿ. ರಾತ್ರಿ ಬೆಂಗಳೂರು ಬಸ್ಸಿಗೆ ಗಂಟು ಮೂಟೆ ಕಟ್ಟಿಕೊಂಡು ನಿಂತ ಸಾಲನ್ನು ನೋಡಲಿ. ಅವ್ವನ ಸೆರಗು ಹಿಡಿದು, ಹರಿದ ಚಪ್ಪಲಿಯಲ್ಲಿ ಕಲ್ಲು ಒದೆಯುತ್ತ ನಿಂತ ಹುಡುಗರನ್ನು ಎಣಿಸಲಿ. ಹನ್ನೊಂದು ದಾಟಿಯೂ ಲೆಕ್ಕ ಮುಗಿಯುವುದಿಲ್ಲ.